ಕೆಂಚಾರ್ಲಹಳ್ಳಿಯ ಒಣಗುಡುಗು

ನಮ್ಮ ವಿಮಾನದ ಮೇಲೆ ಮೊದಲ ದೂರು ಬಂದದ್ದು ನಮ್ಮ ಮನೆಯಿಂದಲೇ. ಒಂದು ಭಾನುವಾರ ಬೆಂಗಳೂರಿನಿಂದ ಶಿಡ್ಲಘಟ್ಟಕ್ಕೆ ಬಂದು, ಅಮ್ಮಿ ಕೊಟ್ಟ ಚಹಾ ಹಿಡಿದುಕೊಂಡು ಹಿತ್ತಿಲಿನಲ್ಲಿ ಗೂಡಿನಿಂದ ನೂಲು ತೆಗೆಯುವ ನಮ್ಮ ಫಿಲೇಚರಿಗೆ ಹೋದರೆ ಅಬ್ಬಾ ಬೇಸಿನ್ನಿನ ಮುಂದೆ ಕೂತು ಬೈಯುತ್ತಿದ್ದರು. ಬೈಗುಳ ಕೆಲಸದವರಿಗಲ್ಲ, ರೇಷ್ಮೆಗೂಡಿಗೆ. ಕುದಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆ ಹಿಡಿದು ರಾಟೆಗೆ ಕೊಟ್ಟರೆ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ತುಂಡು. ಮತ್ತೆ ಎಳೆ ಹುಡುಕಬೇಕು, ಮತ್ತೆ ಕೊಡಬೇಕು, ಮತ್ತೆ ತುಂಡು.

“ಇದು ಕೆಂಚಾರ್ಲಹಳ್ಳಿ ಕಡೆ ಗೂಡು,” ಅಂದರು ಅಬ್ಬಾ. “ಎರಡು ಬೆಳೆಯಿಂದ ಹಿಂಗೇ. ನೋಡಕ್ಕೆ ಬೆಳ್ಳಗೆ, ಗಟ್ಟಿಯಾಗಿ ಐತೆ. ಒಳಗೆ ಎಳೆಯೆಲ್ಲಾ ಪೀಸು ಪೀಸು. ಯಾಕ್ರಪ್ಪಾ ಅಂತ ಕೇಳಿದ್ರೆ ನಿನ್ನ ಹೆಸರು ಹೇಳ್ತಾರೆ.”

“ನನ್ನ ಹೆಸರಾ?”

“ನಿನ್ನ ವಿಮಾನದ್ದು. ಬೆಳಗಾಗೆದ್ದು ಆಕಾಶದಾಗೆ ಢಂ ಢಂ ಅಂತದಂತೆ. ಹುಳ ಹೆದರ್ಕೊಂಡು ಎಳೆ ಬಿಟ್ಟುಬಿಡ್ತವಂತೆ.”

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನಾಗ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ, ಶಬ್ದದ ವೇಗದ ಆಚೀಚೆ ಹಾರುವ ವಿಮಾನದ ರೆಕ್ಕೆಯ ಮೇಲೆ ಗಾಳಿ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುವ ಕೆಲಸದಲ್ಲಿದ್ದೆ. ವಿಮಾನ ಇನ್ನೂ ಶಬ್ದದಷ್ಟು ವೇಗ ಮುಟ್ಟಿರುವುದಿಲ್ಲ, ಆದರೆ ರೆಕ್ಕೆಯ ಉಬ್ಬಿದ ಬೆನ್ನಿನ ಮೇಲೆ ಹರಿಯುವ ಗಾಳಿ ಆಗಲೇ ಆ ವೇಗ ದಾಟಿರುತ್ತದೆ. ದಾಟಿದ ಗಾಳಿ ಒಂದು ಜಾಗದಲ್ಲಿ ಗಕ್ಕನೆ ನಿಧಾನವಾಗುತ್ತದೆ. ಅದೇ ಆಘಾತ ತರಂಗ, ಕಣ್ಣಿಗೆ ಕಾಣದ ಒಂದು ಗೋಡೆ. ವೇಗ ಹೆಚ್ಚಿದಂತೆ ಆ ಗೋಡೆ ರೆಕ್ಕೆಯ ಹಿಂದಂಚಿಗೆ ಸರಿಯುತ್ತದೆ, ಸರಿಯುವಾಗ ಇಡೀ ವಿಮಾನವನ್ನು ನಡುಗಿಸುತ್ತದೆ. ಶಬ್ದಕ್ಕಿಂತ ನಿಧಾನವಾಗಿ ಹಾರುವುದು ಸುಲಭ, ಪೂರ್ತಿ ದಾಟಿಕೊಂಡ ಮೇಲೆ ಹಾರುವುದೂ ತಕ್ಕಮಟ್ಟಿಗೆ ಸುಲಭ. ಈ ಹೊಸ್ತಿಲಿದೆಯಲ್ಲ, ಇದೇ ರಗಳೆ. ಆ ಚಳಿಗಾಲವೆಲ್ಲ ನಮ್ಮ ಪರೀಕ್ಷಾ ವಿಮಾನ ಈ ಹೊಸ್ತಿಲಿನ ಮೇಲೇ ಓಡಾಡುತ್ತಿತ್ತು. ಗೌರಿಬಿದನೂರಿನ ಮೇಲೆ ಶಬ್ದದ ವೇಗ ದಾಟುವುದು, ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ, ಅದಕ್ಕಿಂತ ಒಂದಿಷ್ಟೇ ಹೆಚ್ಚು ವೇಗದಲ್ಲಿ ಚಿಂತಾಮಣಿಯ ಆಚೆವರೆಗೆ ಹೋಗುವುದು, ನಿಧಾನ ಮಾಡಿಕೊಂಡು ವಾಪಸು ಬರುವುದು.

ನನಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಅಬ್ಬಾನಿಗೆ ಅಲ್ಲೇ ನಿಂತು ಪಾಠ ಹೇಳಿದೆ. ಶಬ್ದಕ್ಕಿಂತ ವೇಗವಾಗಿ ಹೋಗುವ ವಿಮಾನ ಸ್ಫೋಟದಂಥ ಒಂದು ಅಲೆಯನ್ನು ಹಿಂದೆ ಎಳೆದುಕೊಂಡು ಹೋಗುತ್ತದೆ ನಿಜ. ಆದರೆ ನಾವು ಹಾರಿಸುವ ವೇಗದಲ್ಲಿ ಆ ಅಲೆ ನೆಲ ಮುಟ್ಟುವುದೇ ಇಲ್ಲ. ಮೇಲೆ ಗಾಳಿ ತಣ್ಣಗೆ, ಕೆಳಗೆ ಬೆಚ್ಚಗೆ. ಬೆಚ್ಚನೆ ಗಾಳಿಯಲ್ಲಿ ಶಬ್ದ ಬೇಗ ಓಡುತ್ತದೆ. ಹಾಗಾಗಿ ಅಲೆ ಇಳಿಯುತ್ತಾ ಇಳಿಯುತ್ತಾ ಬಾಗಿ, ಕೊನೆಗೆ ಮೇಲಕ್ಕೇ ತಿರುಗಿಬಿಡುತ್ತದೆ. ಬೇಸಿಗೆಯಲ್ಲಿ ಚಿಂತಾಮಣಿ ರಸ್ತೆಯ ಡಾಂಬರಿನ ಮೇಲೆ ನೀರು ನಿಂತ ಹಾಗೆ ಕಾಣುತ್ತದಲ್ಲ, ಅಲ್ಲಿ ಬೆಳಕು ಬಾಗುವುದೂ ಹೀಗೆಯೇ. ಇದಕ್ಕೆಲ್ಲ ಲೆಕ್ಕ ಇದೆ, ಗ್ರಾಫ್ ಇದೆ ಅಂದೆ.

“ಗ್ರಾಫಿನಾಗೆ ಹುಳ ಗೂಡು ಕಟ್ಟಲ್ಲ ಬೇಟಾ,” ಅಂದರು ಅಬ್ಬಾ, ತುಂಡಾದ ಎಳೆಯನ್ನು ಮತ್ತೆ ಹುಡುಕುತ್ತಾ. “ಒಂದ್ಸಲ ಹೋಗಿ ನೋಡ್ಕೊಂಡು ಬಾ.”

ಸೋಮವಾರ ನಮ್ಮ ವಿಭಾಗದ ಹಿರಿಯ ವಿಜ್ಞಾನಿಗೆ ಈ ಕಥೆ ಹೇಳಿದೆ. ಆ ಗ್ರಾಫಿನ ಲೆಕ್ಕ ಅವರದೇ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಅದೇ ದೂರು ಬೇರೆ ದಾರಿಯಿಂದ ಅವರ ಮೇಜಿಗೂ ಬಂದಿತ್ತು. “ನೀನು ಆ ಕಡೆಯವಳೇ ಅಲ್ಲವೇನಮ್ಮಾ. ವ್ಯಾನ್ ತಗೊಂಡು ಹೋಗು. ಅಳೆದು, ಶಬ್ದ ಬರ್ತಾ ಇಲ್ಲ ಅಂತ ತೋರಿಸಿ ಬಾ,” ಎಂದರು. ಏನು ಅಳೆಯಬೇಕು ಅನ್ನುವುದರ ಜೊತೆಗೆ ಏನು ಸಿಗಬೇಕು ಅನ್ನುವುದನ್ನೂ ಹೇಳಿ ಕಳಿಸುವುದು ಅವರ ಪದ್ಧತಿ.

ಕೆಂಚಾರ್ಲಹಳ್ಳಿಗೆ ಹತ್ತಿರದ ಒಂದು ಊರಿನಲ್ಲಿ ನನಗೆ ಜಾಗ ಕೊಟ್ಟದ್ದು ಒಬ್ಬ ಹುಳಮನೆಯ ಒಡತಿ. ಅಬ್ಬಾ ಬೈಯುತ್ತಿದ್ದ ಗೂಡು ಅವರದೇ. ಹುಳು ಸಾಕುವ ಮನೆಯ ಪೂರ್ತಿ ಯಜಮಾನಿಕೆ ಅವರದು. ಗಂಡ ಸೊಪ್ಪು ಕೊಯ್ದು ತಂದು ಬಾಗಿಲಲ್ಲಿ ಹಾಕಬೇಕು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು. ನಾನು ಮೈಕ್ರೊಫೋನಿನ ಪೆಟ್ಟಿಗೆ ಹಿಡಿದು ಹೊಸ್ತಿಲ ಹತ್ತಿರ ಹೋದ ಕೂಡಲೇ ಅವರು ಮೂಗು ಅರಳಿಸಿದರು.

“ಮೈಗೆ ಏನಮ್ಮ ಹಚ್ಕೊಂಡಿದೀಯ?”

ಹೊರಡುವಾಗ ಅಮ್ಮಿ ಪ್ರೀತಿಯಿಂದ ಕಿವಿಯ ಹಿಂದೆ ಅತ್ತರು ಸವರಿದ್ದರು. ಹೇಳಿದೆ.

“ನಿಮ್ಮಮ್ಮ ಮದುವೆಮನೆಗೆ ಕಳಿಸಿದ್ರಾ, ನನ್ನ ಹುಳದ ಮನೆಗೆ ಕಳಿಸಿದ್ರಾ? ಈ ವಾಸನೆಗೆ ಹುಳ ಸೊಪ್ಪು ಮುಟ್ಟಲ್ಲ. ಹೋಗಿ ತೊಳ್ಕೊಂಡು ಬಾರಮ್ಮ.”

ಬಾವಿ ಕಟ್ಟೆಯಲ್ಲಿ ಸೀಗೆಪುಡಿ ಹಾಕಿ ತಿಕ್ಕಿಕೊಂಡು, ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ತಟ್ಟೆಯಲ್ಲಿ ಪಾದ ಅದ್ದಿ ಒಳಗೆ ಕಾಲಿಟ್ಟೆ. ಬಿದಿರಿನ ತಟ್ಟೆಗಳ ಸಾಲು ಸಾಲು, ಅದರ ತುಂಬ ಬೆರಳುದ್ದದ ಹುಳುಗಳು. ಮೊಟ್ಟೆಯನ್ನು ಅವರು ಎರಡು ಕಂತಿನಲ್ಲಿ ತಂದಿದ್ದರು. ಒಂದು ಚಿಕ್ಕ ಕಂತು, ಅದು ಇನ್ನೇನು ಗೂಡಿಗೆ ಏರುವುದರಲ್ಲಿತ್ತು. ದೊಡ್ಡದು ಹತ್ತು ಹನ್ನೆರಡು ದಿನ ಹಿಂದಿತ್ತು. ಎರಡು ಬೆಳೆ ಕೆಟ್ಟಿದ್ದರಿಂದ ಗಂಡನಿಗೆ ಈ ಕಸುಬಿನ ಮೇಲೆ ನಂಬಿಕೆ ಹೋಗಿತ್ತು. ದ್ರಾಕ್ಷಿ ಚಪ್ಪರ ಹಾಕುವುದಕ್ಕೆ ಕಲ್ಲುಕಂಬ ತರಿಸಿ ತೋಟದ ಬದುವಿನಲ್ಲಿ ಮಲಗಿಸಿಬಿಟ್ಟಿದ್ದ.

“ಈ ಸಲದ ಗೂಡೂ ಹೋದ್ರೆ ಹಿಪ್ಪುನೇರಳೆ ಕಿತ್ತು ಕಂಬ ನೆಡ್ತಾರಂತೆ,” ಎಂದರು ಒಡತಿ. “ನಾನು ಮದುವೆಯಾಗಿ ಬಂದಾಗಿನಿಂದ ಹುಳದ ಜೊತೆ ಇರೋಳು. ದ್ರಾಕ್ಷಿ ಜೊತೆ ಏನಮ್ಮ ಮಾತಾಡ್ಲಿ?”

ಹುಳುಗಳ ಜೊತೆ ಅವರು ನಿಜವಾಗಿಯೂ ಮಾತಾಡುತ್ತಿದ್ದರು, ಅರ್ಧ ಕನ್ನಡ, ಅರ್ಧ ತೆಲುಗು. ನನಗೆ ಅವರು ಅವತ್ತೇ ಇಷ್ಟವಾಗಿಬಿಟ್ಟರು. ಅತ್ತರಿಗೆ ಬೈದಿದ್ದರೂ.

ಅಳೆಯುವ ಕೆಲಸ ಅಂದುಕೊಂಡಷ್ಟು ಸಲೀಸಾಗಲಿಲ್ಲ. ಅಂಗಳದಲ್ಲಿ ಒಂದು ಮೈಕ್ರೊಫೋನ್, ಹುಳಮನೆಯ ತೊಲೆಗೆ ಒಂದು, ಹಿಪ್ಪುನೇರಳೆ ತೋಟದಲ್ಲಿ ಒಂದು. ಮೂರರ ತಂತಿಯೂ ವ್ಯಾನಿನೊಳಗಿನ ರೆಕಾರ್ಡರಿಗೆ ಬರಬೇಕು, ಅಲ್ಲಿ ಸದ್ದು ಟೇಪಿಗೂ ಇಳಿಯಬೇಕು, ಸೂಜಿ ಕಾಗದದ ಮೇಲೆ ಗೆರೆಯನ್ನೂ ಎಳೆಯಬೇಕು. ಮೊದಲ ಬೆಳಿಗ್ಗೆ ಸೂಜಿ ಜೋರಾಗಿ ಜಿಗಿಯಿತು. ನಾನೂ ಜಿಗಿದೆ. ಆಮೇಲೆ ನೋಡಿದರೆ ಮಂಡಿಕಲ್ ದಿಕ್ಕಿನ ಕಲ್ಲುಕ್ವಾರಿಯಲ್ಲಿ ಬಂಡೆಗೆ ಮದ್ದು ಇಟ್ಟಿದ್ದರು. ಗೆರೆಯಲ್ಲಿ ಒಂದೇ ಗುದ್ದು, ಆಮೇಲೆ ಗೊಜಗೊಜ. ಎರಡನೆಯ ದಿನ ತೋಟದ ಮೈಕ್ರೊಫೋನ್ ಸತ್ತಂತಿತ್ತು. ಹೋಗಿ ನೋಡಿದರೆ ಗಾಳಿ ತಡೆಯಲು ಹಾಕಿದ್ದ ಸ್ಪಂಜಿನ ಟೋಪಿಯನ್ನು ಮೇಕೆ ತಿಂದು ಮುಗಿಸಿ, ತಂತಿಯ ರುಚಿ ನೋಡುತ್ತಿತ್ತು. ಹುಳಮನೆಯ ಟೇಪನ್ನು ಬೆಂಗಳೂರಿಗೆ ಕಳಿಸಿದ್ದೆ. ಹಿರಿಯರು ಕೆಂಚಾರ್ಲಹಳ್ಳಿಯ ಅಂಚೆ ಕಚೇರಿಗೆ ಟ್ರಂಕ್ ಕಾಲ್ ಮಾಡಿ ಗದರಿಕೊಂಡರು.

“ಮಳೆ ಬರುವಾಗ ಯಾಕಮ್ಮಾ ರೆಕಾರ್ಡ್ ಮಾಡ್ತೀಯ? ಟೇಪ್ ತುಂಬಾ ಬರೀ ಮಳೆ.”

“ಸರ್, ಅದು ಮಳೆ ಅಲ್ಲ. ಹುಳು ಸೊಪ್ಪು ತಿನ್ನೋ ಸದ್ದು.”

“ಹಾಗಾದ್ರೆ ಇನ್ನೊಂದು ಟೇಪ್ ಕಳಿಸು, ಮನೆಯವರಿಗೆ ಕೇಳಿಸ್ತೀನಿ,” ಎಂದರು.

ಆ ದಿನಗಳಲ್ಲಿ ವಿಮಾನ ಹಾರಲೇ ಇಲ್ಲ. ಅಷ್ಟರಲ್ಲಿ ಚಿಕ್ಕ ಕಂತಿನ ಹುಳುಗಳು ಹಣ್ಣಾದವು. ಹಣ್ಣಾಗುವುದೆಂದರೆ ತಿನ್ನುವುದು ನಿಲ್ಲಿಸಿ, ಮೈಯೆಲ್ಲ ಹಳದಿ ಹೊಳಪಾಗಿ, ತಲೆ ಎತ್ತಿ ಗೂಡಿಗೆ ಜಾಗ ಹುಡುಕುವುದು. ಅವುಗಳನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಾರೆ. ಚಂದ್ರಿಕೆ ಅಂದರೆ ಬಾಗಿಲಷ್ಟು ದೊಡ್ಡ ಬಿದಿರಿನ ಚಾಪೆ, ಅದರ ಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ. ಆ ಸುರುಳಿಯ ಸಂದಿನಲ್ಲಿ ಹುಳು ಕೂತು ತನ್ನ ಸುತ್ತ ಎಳೆ ಸುತ್ತಿಕೊಳ್ಳುತ್ತದೆ. ಗಾಳಿಯಾಡಲಿ ಎಂದು ಚಂದ್ರಿಕೆಗಳನ್ನು ಅಂಗಳದ ನೆರಳಿನಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಶಬ್ದ ಬಂದರೆ ಬಿದಿರು ಎಷ್ಟು ಅಲುಗುತ್ತದೆ ಅನ್ನುವುದನ್ನೂ ನೋಡಿಬಿಡೋಣ ಎಂದು ನಾನು ಒಂದು ಚಂದ್ರಿಕೆಗೆ ಕಂಪನ ಅಳೆಯುವ ಬಿಲ್ಲೆಯೊಂದನ್ನು ಕಟ್ಟಿ, ಅದರ ತಂತಿಯನ್ನೂ ವ್ಯಾನಿಗೆ ಎಳೆದೆ.

ಮಾರನೆಯ ಬೆಳಿಗ್ಗೆ ಒಳ್ಳೆಯ ಚಳಿ. ನಂದಿಬೆಟ್ಟದ ಕಡೆಯಿಂದ ಮಂಜು ಇಳಿದು ತೋಟವೆಲ್ಲ ಒದ್ದೆಯಾಗಿತ್ತು. ನಾನು ಶಾಲು ಸುತ್ತಿಕೊಂಡು ವ್ಯಾನಿನಲ್ಲಿ ಕೂತು ರಾಗಿ ರೊಟ್ಟಿ ಮುರಿಯುತ್ತಿದ್ದಾಗ ಬಂತು. ಢಂ ಢಂ. ಒಂದರ ಹಿಂದೆ ಒಂದು, ಎರಡೂ ಗಟ್ಟಿ, ಎರಡೂ ಸ್ವಚ್ಛ. ಸೂಜಿ ಮೇಲಕ್ಕೆ ಹಾರಿ, ಓರೆಯಾಗಿ ಕೆಳಗಿಳಿದು, ಮತ್ತೆ ಮೇಲಕ್ಕೆ ಹಾರಿತ್ತು. ಇಂಗ್ಲಿಷಿನ ಎನ್ ಅಕ್ಷರ. ಮೊದಲ ಗೀಟು ವಿಮಾನದ ಮೂತಿಯ ಅಲೆ, ಕೊನೆಯ ಗೀಟು ಬಾಲದ ಅಲೆ. ಅಲ್ಲಿವರೆಗೆ ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದ ಆ ಅಕ್ಷರ ನನ್ನ ಕಣ್ಣೆದುರಿಗೆ ಕಾಗದದ ಮೇಲೆ ಮೂಡಿತ್ತು. ಬರಲೇಬಾರದು ಎಂದು ನಮ್ಮ ಗ್ರಾಫ್ ಹೇಳಿದ ಶಬ್ದ ಬಂದಿತ್ತು. ನಾನು ಬೇಜಾರು ಮಾಡಿಕೊಳ್ಳಬೇಕಿತ್ತು. ಮಾಡಿಕೊಳ್ಳಲಿಲ್ಲ. ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಕುಣಿದೆ. ಡ್ರೈವರ್ ನನಗೆ ಏನೋ ಕಚ್ಚಿತು ಅಂದುಕೊಂಡ.

ಕುಣಿಯುತ್ತಾ ಅಂಗಳದ ಕಡೆ ತಿರುಗಿದವಳು ಹಾಗೇ ನಿಂತೆ. ಅಲ್ಲಿ ಒಡತಿ, ಗಂಡ, ಪಕ್ಕದ ಮನೆಯ ಹೆಂಗಸರು ಎಲ್ಲರೂ ಇಬ್ಬಿಬ್ಬರಾಗಿ ಚಂದ್ರಿಕೆ ಎತ್ತಿಕೊಂಡು ಮನೆಯೊಳಗೆ ಓಡುತ್ತಿದ್ದರು. ಬಾಗಿಲಿಗೆ ತಾಗಿಸುತ್ತಾ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ. ಬಿಲ್ಲೆ ಕಟ್ಟಿದ ಚಂದ್ರಿಕೆಗೂ ಕೈ ಹಾಕಿದರು.

“ಅದು ಬೇಡ, ತಂತಿ ಐತೆ, ಬಿಡಿ,” ಎಂದು ಕೂಗಿಕೊಂಡೆ. ಅದೊಂದನ್ನು ಬಿಟ್ಟರು.

ಯಾಕೆ ಎತ್ತಿದಿರಿ ಎಂದು ಕೇಳಿದೆ. ಒಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಗುಡುಗು ಬಂದ್ರೆ ಎತ್ತಲ್ವಾ? ಗೂಡು ಕಟ್ಟೋವಾಗ ಹನಿ ಬಿದ್ರೆ ಮುಗೀತು. ಕೇಳಿಸಿದ ತಕ್ಷಣ ಎತ್ತಬೇಕು, ಆಮೇಲೆ ಆಕಾಶ ನೋಡ್ಬೇಕು. ನಮ್ಮತ್ತೆ ಹಂಗೇ ಕಲಿಸಿದ್ದು.”

“ಆದರೆ ಇದು ವಿಮಾನ ಅಂತ ನಿಮಗೇ ಗೊತ್ತಲ್ಲ.”

“ಆಮೇಲೆ ಗೊತ್ತಾಯ್ತದೆ. ಎತ್ತುವಾಗ ಎಲ್ಲಮ್ಮ ಗೊತ್ತಾಗೋದು? ಒಣಗುಡುಗೋ ಹಸಿಗುಡುಗೋ ಅಂತ ಯೋಚನೆ ಮಾಡ್ತಾ ನಿಂತ್ರೆ ಮಳೆ ಕಾಯ್ತದಾ?”

ಒಳಗೆ ಸಾಗಿಸಿದ ಚಂದ್ರಿಕೆಗಳ ಕೆಳಗೆ ಒಂದಷ್ಟು ಹುಳು ಉದುರಿದ್ದವು. ಉಳಿದವು ಸುರುಳಿಗೆ ಕಚ್ಚಿಕೊಂಡು ತಲೆ ಆಡಿಸದೆ ಕೂತಿದ್ದವು. ನೋಡಮ್ಮ, ಸದ್ದಿಗೆ ಹೆಂಗೆ ಬೆದರಿವೆ, ಎಂದರು ಒಡತಿ. ನಾನು ಅಂಗಳದಲ್ಲಿ ಉಳಿದಿದ್ದ ಒಂಟಿ ಚಂದ್ರಿಕೆಯ ಹತ್ತಿರ ಹೋಗಿ ಬಗ್ಗಿ ನೋಡಿದೆ. ಅಲ್ಲಿ ಪ್ರತಿಯೊಂದು ಹುಳುವೂ ಏನೂ ಆಗಿಲ್ಲವೆಂಬಂತೆ ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತಾ ಎಳೆ ಸುತ್ತಿಕೊಳ್ಳುತ್ತಿತ್ತು.

ಬಿಲ್ಲೆಯ ಗೆರೆ ನೋಡಿದೆ: ಢಂ ಢಂ ಬಂದಾಗ ಬಿದಿರು ಅಲುಗಿದ್ದು ಕೂದಲೆಳೆಯಷ್ಟು. ಆಮೇಲೆ ಬಿಲ್ಲೆಯನ್ನು ಒಂದು ಖಾಲಿ ಚಂದ್ರಿಕೆಗೆ ಕಟ್ಟಿ, ಉದ್ದ ತಂತಿ ಬಿಟ್ಟು, ಗುಡುಗು ಬಂದರೆ ಹೇಗೆ ಓಡುತ್ತೀರೋ ಹಾಗೇ ಇದನ್ನು ಒಳಗೆ ಒಯ್ಯಿರಿ ಎಂದೆ. ಗಂಡ ಹೆಂಡತಿ ಓಡಿದರು. ಸೂಜಿ ಆ ಅಂಚಿಗೂ ಈ ಅಂಚಿಗೂ ಹೊಡೆದು ಕಾಗದವನ್ನೇ ಹರಿಯಿತು. ಒಡತಿ ವ್ಯಾನಿನೊಳಗೆ ಇಣುಕಿ ನೋಡಿ, “ಚೂಡು, ನೋಡಿಲ್ಲಿ, ವಿಮಾನಕ್ಕಿಂತ ನಮ್ದೇ ಜೋರು,” ಎಂದು ಗಂಡನ ಭುಜಕ್ಕೆ ಗುದ್ದಿದರು. ಗುದ್ದಿ ನಗುತ್ತಿದ್ದವರು ಹಾಗೇ ಮೆಲ್ಲಗೆ ನಗು ನಿಲ್ಲಿಸಿದರು. ಅದರ ಅರ್ಥ ಅವರಿಗೂ ಹೊಳೆದಿತ್ತು, ಆದರೆ ಅಷ್ಟು ಸುಲಭಕ್ಕೆ ಒಪ್ಪುವವರಲ್ಲ.

“ದಾರ ನೋಡಿ ಹೇಳು,” ಎಂದರು.

ಗೂಡು ಬಿಡಿಸಿದ ದಿನ ಎರಡು ಚೀಲದಲ್ಲಿ ಗೂಡು ತುಂಬಿಕೊಂಡು ಶಿಡ್ಲಘಟ್ಟಕ್ಕೆ ಓಡಿದೆ. ಒಂದರಲ್ಲಿ ಎತ್ತದೆ ಬಿಟ್ಟ ಚಂದ್ರಿಕೆಯ ಗೂಡು, ಇನ್ನೊಂದರಲ್ಲಿ ಎತ್ತಿಕೊಂಡು ಓಡಿದ್ದು. ಯಾವುದು ಯಾವುದು ಎಂದು ಅಬ್ಬಾನಿಗೆ ಹೇಳಲಿಲ್ಲ. ಮೊದಲ ಚೀಲದ ಗೂಡು ಬೇಸಿನ್ನಿಗೆ ಬಿತ್ತು. ಎಳೆ ಸಿಕ್ಕಿತು, ರಾಟೆಗೆ ಹೋಯಿತು, ತಿರುಗಿತು, ತಿರುಗುತ್ತಲೇ ಇತ್ತು. ಅಬ್ಬಾ ಬೈಯಲು ಬಾಯಿ ತೆರೆದುಕೊಂಡು ಕಾಯುತ್ತಿದ್ದರು, ಬೈಯುವ ಸಂದರ್ಭವೇ ಬರಲಿಲ್ಲ. ಎರಡನೆಯ ಚೀಲ ಹಾಕಿದ ಮೇಲೆ ಬಾಕಿ ಇದ್ದದ್ದೆಲ್ಲ ಸೇರಿಸಿ ಬೈದರು. ಗುಡುಗಿನ ದಿನದ ಗೂಡು ಯಾವತ್ತೂ ಸ್ವಲ್ಪ ಕೆಟ್ಟೇ ಇರುತ್ತದೆ ಎಂದು ಸುತ್ತಮುತ್ತಲ ಊರಿನವರೆಲ್ಲ ಒಪ್ಪಿಕೊಂಡುಬಿಟ್ಟಿದ್ದರು. ತಂಪಿಗೆ ಕೆಟ್ಟಿತು ಎಂದೇ ಲೆಕ್ಕ. ಮೊದಲೆಲ್ಲ ವರ್ಷಕ್ಕೆ ಎಲ್ಲೋ ಒಂದೆರಡು ಸಲ ಎತ್ತುತ್ತಿದ್ದರು. ನಮ್ಮ ವಿಮಾನ ಬಂದ ಮೇಲೆ ಒಂದೇ ಬೆಳೆಯಲ್ಲಿ ಎಷ್ಟೋ ಬೆಳಿಗ್ಗೆ ಎತ್ತಿ ಓಡಿದ್ದರು. ಅರ್ಧ ಸುತ್ತಿದ ಹುಳು ಪ್ರತಿಸಲವೂ ಎಳೆ ಕಡಿದುಕೊಂಡು ಹೊಸದಾಗಿ ಶುರು ಮಾಡುತ್ತಿತ್ತು.

ನಾನು ಬೆಂಗಳೂರಿಗೆ ಹೋಗಿ ಮೂರು ಕಾಗದಗಳನ್ನೂ ಹಿರಿಯರ ಮುಂದೆ ಹರಡಿದೆ. ಎನ್ ಅಕ್ಷರ ನೋಡಿ ಅವರ ಮುಖ ಕಪ್ಪಿಟ್ಟಿತು. ಬಿದಿರಿನ ಗೆರೆ ನೋಡಿ ಮತ್ತೆ ಅರಳಿತು.

“ಸರಿ ಹೋಯ್ತಲ್ಲ. ಶಬ್ದದಿಂದ ಹುಳಕ್ಕೆ ಏನೂ ಆಗಲ್ಲ, ಎತ್ತಬೇಡಿ ಅಂತ ಬರೆದುಬಿಡು. ಕೆಲಸ ಮುಗೀತು.”

ಅದು ಸುಳ್ಳಲ್ಲ. ನಾನು ಬರೆಯಲು ಕೂತೂ ಬಿಟ್ಟೆ. ಬರೆಯುವಾಗ ಒಡತಿಯ ಮಾತು ಅಡ್ಡ ಬಂತು: ಯೋಚನೆ ಮಾಡ್ತಾ ನಿಂತ್ರೆ ಮಳೆ ಕಾಯ್ತದಾ? ಆ ತಿಂಗಳುಗಳಲ್ಲಿ ಮದರಾಸಿನ ಕಡೆ ವಾಯುಭಾರ ಕುಸಿದರೆ ನಮ್ಮ ಕಡೆ ನಿಜವಾದ ಗುಡುಗೂ ಬರುತ್ತದೆ, ಮಳೆಯೂ ಬರುತ್ತದೆ. ಎತ್ತಬೇಡಿ ಎಂದು ಹೇಳಿ, ಅವರು ನನ್ನ ಮಾತು ನಂಬಿ ಕೂತ ದಿನವೇ ಹಸಿಗುಡುಗು ಬಂದರೆ? ಅವರ ಪದ್ಧತಿಯಲ್ಲಿ ತಪ್ಪಿರಲಿಲ್ಲ. ತಪ್ಪು ಹೊತ್ತಿನಲ್ಲಿ ಗುಡುಗುತ್ತಿದ್ದವರು ನಾವು. ಬರೆದ ಹಾಳೆ ಹರಿದು ಹಾಕಿದೆ. ಹುಳುವಿನ ವಿಷಯ ಬಿಟ್ಟು ಗಾಳಿಯ ವಿಷಯಕ್ಕೆ ಬಂದೆ. ಕಡೆಗೂ ನನ್ನ ಕಸುಬು ಅದೇ ತಾನೆ.

ಬರಬಾರದ ಶಬ್ದ ಯಾಕೆ ಬಂತು? ಹಿರಿಯರ ಗ್ರಾಫಿನ ಲೆಕ್ಕದಲ್ಲಿ ತಪ್ಪಿರಲಿಲ್ಲ, ಅದರಲ್ಲಿದ್ದ ಗಾಳಿ ಮಾತ್ರ ಕೆಂಚಾರ್ಲಹಳ್ಳಿಯದಾಗಿರಲಿಲ್ಲ. ಪುಸ್ತಕದಲ್ಲಿ ಉಷ್ಣ ದೇಶಕ್ಕೆಂದು ಕೊಟ್ಟ ಸರಾಸರಿ ಗಾಳಿ ಅದು, ನೆಲದ ಹತ್ತಿರ ವರ್ಷವಿಡೀ ಬೆಚ್ಚಗೆ. ಚಳಿಗಾಲದ ಮುಂಜಾನೆ ನಮ್ಮ ನೆಲದ ಗಾಳಿ ತಣ್ಣಗಿರುತ್ತದೆ, ಅದರಲ್ಲಿ ಶಬ್ದ ನಿಧಾನವಾಗಿ ಓಡುತ್ತದೆ, ಅಲೆ ಬಾಗುವುದಕ್ಕೆ ಬೇಕಾದಷ್ಟು ವ್ಯತ್ಯಾಸ ಸಿಗುವುದಿಲ್ಲ. ಸಾಲದ್ದಕ್ಕೆ ಆ ಎತ್ತರದಲ್ಲಿ ಪಡುವಣದಿಂದ ಬಲವಾದ ಗಾಳಿ. ಗೌರಿಬಿದನೂರಿನಿಂದ ಮೂಡಣಕ್ಕೆ ಹೋಗುವ ವಿಮಾನವನ್ನು ಅದು ಬೆನ್ನ ಹಿಂದಿನಿಂದ ತಳ್ಳುತ್ತದೆ. ಚಾಲಕನ ಮುಂದಿನ ಮುಳ್ಳಿಗೆ ಅದು ತಿಳಿಯುವುದಿಲ್ಲ, ಅದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗವನ್ನು ಮಾತ್ರ ತೋರಿಸುತ್ತದೆ. ಆದರೆ ನೆಲದ ಲೆಕ್ಕದಲ್ಲಿ ವಿಮಾನ ಇನ್ನೂ ಜೋರಾಗಿ ಓಡುತ್ತಿರುತ್ತದೆ, ಅಲೆಯನ್ನು ನೆಲದವರೆಗೆ ಎಳೆದು ತಂದುಬಿಡುತ್ತದೆ. ಹವಾಮಾನ ಬಲೂನಿನ ಅಳತೆಗಳನ್ನು ತಂದು, ಪುಸ್ತಕದ ಗಾಳಿಯನ್ನು ತೆಗೆದು ಹಾಕಿ, ನಿಜವಾದ ಗಾಳಿಯನ್ನು ಪದರ ಪದರವಾಗಿ ಕೂಡಿಸಿದೆ. ಬೆಳಿಗ್ಗೆ, ಮೂಡಣಕ್ಕೆ: ಅಲೆ ನೆಲ ಮುಟ್ಟುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ, ಪಡುವಣಕ್ಕೆ, ಗಾಳಿಗೆ ಎದುರಾಗಿ: ಅಲೆ ನೆಲದಿಂದ ಬಹಳ ಮೇಲೆಯೇ ಬಾಗಿ ತಿರುಗುತ್ತದೆ. ರೆಕ್ಕೆಗೆ ಬೇಕಾದ ವೇಗ ಅದೇ, ಅಳತೆ ಅದೇ. ದಿಕ್ಕು ಮತ್ತು ಹೊತ್ತು ಮಾತ್ರ ಬೇರೆ.

ಹಿರಿಯರು ಲೆಕ್ಕವನ್ನು ಕನ್ನಡಕ ಏರಿಸಿ, ಇಳಿಸಿ ನೋಡಿದರು. ಮಧ್ಯಾಹ್ನದ ಬಿಸಿಲಿಗೆ ವಿಮಾನ ಏರುವುದು ಕಷ್ಟ, ಹಾರಾಟದವರು ಒಪ್ಪುವುದಿ‌ಲ್ಲ, ಕಾರ್ಯಕ್ರಮ ಮುಂದಕ್ಕೆ ಹೋಗುತ್ತದೆ ಎಂದರು. ಹಾಗಾದರೆ ಹಾರಾಟದವರನ್ನೇ ಕೇಳೋಣ ಎಂದೆ. ಪರೀಕ್ಷಾ ಚಾಲಕ ಮೀಸೆಯ ಮನುಷ್ಯ, ಯಾವಾಗಲೂ ಅರ್ಧ ತಮಾಷೆಯಲ್ಲೇ ಇರುವವರು.

“ಊಟ ಮಾಡಿ ಮಲಗೋ ಹೊತ್ತಿಗೆ ನನ್ನನ್ನ ಮೇಲಕ್ಕೆ ಕಳಿಸ್ತೀರಿ. ಯಾರಿಗೋಸ್ಕರ? ಹುಳಕ್ಕೋಸ್ಕರ.”

“ಹೌದು ಸರ್. ಬೆಳಿಗ್ಗೆ ಹಾರಿದ್ರೆ ಅವುಗಳ ಗೂಡು ಕೆಡ್ತದೆ.”

“ನನ್ನ ಹೆಂಡತಿಗೆ ಇದು ತಿಳಿದರೆ, ಇಷ್ಟು ವರ್ಷದಲ್ಲಿ ಮೊದಲನೇ ಸಲ ಸೀರೆಗೆ ಉಪಯೋಗ ಆಗೋ ಕೆಲಸ ಮಾಡಿದ್ರಿ ಅಂತಾಳೆ,” ಎಂದು ಅವರು ನಕ್ಕುಬಿಟ್ಟರು. ಮೇಲೆ ಹೋದ ಮೇಲೆ ಬೆಳಿಗ್ಗೆಯೂ ಒಂದೇ, ಮಧ್ಯಾಹ್ನವೂ ಒಂದೇ. ಒಂದು ಹಾರಾಟ ಮಾಡಿ ನೋಡೋಣ ಎಂದರು. ಹಿರಿಯರು ನನ್ನ ಕಡೆ ತಿರುಗಿ, ಶಬ್ದ ಬಂದರೆ ಆಮೇಲೆ ಬೆಳಗಿನ ಕಾರ್ಯಕ್ರಮಕ್ಕೆ ಮತ್ತೆ ತಕರಾರು ತೆಗೆಯಬಾರದು ಎಂದರು. ಆಯಿತು ಎಂದೆ. ಅಲ್ಲಿವರೆಗೆ ಬೆಳಗಿನ ಹಾರಾಟ ನಿಂತಿತು.

ಒಪ್ಪಿಕೊಂಡು ಹೊರಗೆ ಬಂದ ಮೇಲೆ ಬೆರಳು ಮಡಿಸಿ ದಿನ ಎಣಿಸಿದೆ. ಅದೇ ವಾರ ಒಡತಿಯ ದೊಡ್ಡ ಕಂತು ಹಣ್ಣಾಗುವುದಿತ್ತು. ಲೆಕ್ಕ ತಪ್ಪಿದರೆ ನನಗೆ ಆಗುವ ನಷ್ಟ ಒಂದು ಬೈಗುಳ. ಅವರಿಗೆ ಇಡೀ ಕಸುಬು.

ಆ ಮಧ್ಯಾಹ್ನ ಅಂಗಳದ ತುಂಬ ಚಂದ್ರಿಕೆ. ಜಾಗ ಸಾಲದೆ ಪಕ್ಕದ ಮನೆಯ ಗೋಡೆಗೂ ಒರಗಿಸಿದ್ದರು. ಹುಳುಗಳು ಹಿಂದಿನ ದಿನವಷ್ಟೇ ಏರಿದ್ದವು. ಗೂಡು ಇನ್ನೂ ತೆಳುವಾಗಿ, ಒಳಗೆ ಆಡುವ ತಲೆ ಹೊರಗೆ ಕಾಣುವಂತಿತ್ತು. ವಿಮಾನ ಬರುತ್ತದೆ, ಆದರೆ ಶಬ್ದ ಬರುವುದಿಲ್ಲ ಎಂದು ಹೇಳಿದೆ.

“ಬಂದ್ರೆ?” ಎಂದರು ಒಡತಿ.

“ಬಂದ್ರೂ ಎತ್ತಬೇಡಿ. ಆಕಾಶದಲ್ಲಿ ಒಂದು ಮೋಡ ಇಲ್ಲ, ನೋಡಿ.”

“ನಿನ್ನ ಮಾತು ನೀನು ಹೇಳಿದೆ. ನನ್ನ ಕೈ ನನ್ನ ಮಾತು ಕೇಳಲ್ಲಮ್ಮ. ಸದ್ದು ಬಂದ್ರೆ ಅದು ಎತ್ತುತದೆ.”

ಪ್ರಾಮಾಣಿಕವಾದ ಮಾತು. ನಾನು ಒತ್ತಾಯ ಮಾಡಲಿಲ್ಲ. ಅವರು ಒಂದು ಚಂದ್ರಿಕೆಯ ತುದಿಗೆ ಕೈ ಇಟ್ಟುಕೊಂಡು ನಿಂತರು, ಇನ್ನೊಂದು ತುದಿಗೆ ಗಂಡ. ನೆರೆಯ ಹೆಂಗಸರೂ ಇಬ್ಬಿಬ್ಬರಾಗಿ ಹಾಗೇ ನಿಂತರು. ನಾನು ವ್ಯಾನಿನ ಬಾಗಿಲಲ್ಲಿ, ಸೂಜಿಯ ಮೇಲೆ ಒಂದು ಕಣ್ಣು, ಆಕಾಶದಲ್ಲಿ ಇನ್ನೊಂದು. ಬಿಸಿಲು ಚೆನ್ನಾಗಿ ಕಾದಿತ್ತು. ಬಿಸಿಲು ನನ್ನ ಜನ್ಮದಲ್ಲಿ ನನಗೆ ಯಾವತ್ತೂ ಇಷ್ಟೊಂದು ಇಷ್ಟವಾಗಿರಲಿಲ್ಲ.

ಮೂಡಣದಲ್ಲಿ ಬೆಳ್ಳಿಯ ಚುಕ್ಕಿಯೊಂದು ಕಾಣಿಸಿತು. ಹಿಂದೆ ಬಿಳಿಯ ಗೆರೆ, ಬೇಸಿನ್ನಿನಿಂದ ಮೇಲೇಳುವ ಎಳೆಯಷ್ಟೇ ಸಣ್ಣದು. ಚುಕ್ಕಿ ನಮ್ಮ ತಲೆಯ ಮೇಲೆ ಬಂತು, ದಾಟಿತು, ಚಿಕ್ಕಬಳ್ಳಾಪುರದ ಬೆಟ್ಟಗಳ ಕಡೆ ಹೋಯಿತು. ಶಬ್ದ ವಿಮಾನದ ಜೊತೆ ಬರುವುದಿಲ್ಲ, ಹಿಂದಿನಿಂದ ಬರುತ್ತದೆ, ಇನ್ನೂ ಕಾಯಬೇಕು ಎಂದು ಕೈ ತೋರಿಸಿದೆ. ಕಾದೆವು. ಎಲ್ಲೋ ಒಂದು ಕೋಳಿ ಕೂಗಿ ಸೂಜಿಯನ್ನು ಅಲುಗಿಸಿತು. ಆಮೇಲೆ ಸೂಜಿ ನೆಟ್ಟಗೆ ಹೋಯಿತು. ಬಹಳ ದೂರದ ಮನೆಯಲ್ಲಿ ಯಾರೋ ಬೀಸುಕಲ್ಲು ತಿರುಗಿಸಿದ ಹಾಗೆ ಒಂದು ಸಣ್ಣ ಅಲುಗು, ಕಿವಿಗೆ ಕೇಳದಷ್ಟು. ಬಾಗಿ ಹೋದ ಅಲೆಯ ಅಂಚು ಅದು. ಅಷ್ಟೇ. ಮತ್ತೆ ಗೆರೆ ನೆಟ್ಟಗೆ.

“ಹೋಯ್ತಾ?” ಎಂದರು ಒಡತಿ, ಪಿಸುದನಿಯಲ್ಲಿ.

“ಹೋಯ್ತು.”

“ಸದ್ದು?”

“ಇಷ್ಟೇ. ಬರಲ್ಲ ಇನ್ನು.”

ಅವರು ಚಂದ್ರಿಕೆಯಿಂದ ಒಂದೊಂದೇ ಬೆರಳು ತೆಗೆದರು. ಆಮೇಲೆ ನಗಲು ಶುರು ಮಾಡಿದರು. ನೆರೆಯವರೂ ನಕ್ಕರು. ಗಂಡ, “ಇಷ್ಟು ಜನ ಬಿಸಿಲಾಗೆ ನಿಂತು ಏನೂ ಆಗದೇ ಇರೋದನ್ನ ನೋಡಿದ್ವಲ್ಲ,” ಎಂದ. ನಾನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಎನ್ ಅಕ್ಷರ ಸಿಕ್ಕ ದಿನ ಕುಣಿದದ್ದಕ್ಕಿಂತ ಈ ಖಾಲಿ ಗೆರೆಗೆ ನನಗೆ ಆದ ಸಂತೋಷ ದೊಡ್ಡದು. ಮಿಕ್ಕ ಹಾರಾಟಗಳೆಲ್ಲ ಮಧ್ಯಾಹ್ನವೇ ನಡೆದವು. ಹಿರಿಯರು ತಾವೇ ಗ್ರಾಫನ್ನು ಹೊಸದಾಗಿ ಎಳೆದು, ಅಂಚಿನಲ್ಲಿ ನನ್ನ ಹೆಸರನ್ನೂ ಸೇರಿಸಿದರು.

ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ತಂದ ದಿನ ಅಬ್ಬಾ ಬೇರೆಯವರಿಗೆ ಬಿಡದೆ ತಾವೇ ಹರಾಜು ಕೂಗಿ ತೆಗೆದುಕೊಂಡರು. ಗಂಡನ ಜೊತೆ ಒಡತಿಯೂ ಬಂದಿದ್ದರು. ದಾರ ನೋಡಿ ಹೇಳು ಎಂದು ನನಗೆ ಹೇಳಿದ್ದವರು, ಈ ಸಲ ತಾವೇ ನೋಡಬೇಕೆಂದು ಹಟ ಹಿಡಿದು ನಮ್ಮ ಫಿಲೇಚರಿಗೆ ಬಂದರು. ಅಮ್ಮಿ ಅವರನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಬೇಸಿನ್ನಿನ ಪಕ್ಕದಲ್ಲಿ ಮಣೆ ಹಾಕಿ ಕೂರಿಸಿದರು.

ಕುದಿನೀರಿನಲ್ಲಿ ಗೂಡುಗಳು ಕುಣಿಯುತ್ತಿದ್ದವು. ಎಳೆಗಳೆಲ್ಲ ಕೂಡಿ ಒಂದೇ ದಾರವಾಗಿ ಮೇಲೇರಿ ರಾಟೆಗೆ ಸುತ್ತಿಕೊಳ್ಳುತ್ತಿತ್ತು. ಅವರು ಬೇಸಿನ್ನಿನಿಂದ ರಾಟೆಯವರೆಗೆ ದಾರದ ಜೊತೆಗೇ ಕಣ್ಣು ಓಡಿಸಿದರು.

“ಇಷ್ಟು ವರ್ಷ ಹುಳ ಮೇಯ್ಸಿದೀನಿ,” ಎಂದರು ಕೊನೆಗೆ. “ಗೂಡು ಕೊಟ್ಟು ಮನೆಗೆ ಹೋಗೋದೇ ಆಯ್ತು. ದಾರ ಬರೋದು ನಾನು ನೋಡಿದ್ದೇ ಇಲ್ಲ.”

ಆಮೇಲೆ ಅಬ್ಬಾನ ಕಡೆ ತಿರುಗಿ, “ಮುಟ್ಟಲಾ?” ಎಂದು ಕೇಳಿದರು.

“ನಿಂದೇ ಅಲ್ಲವೇನಮ್ಮ,” ಎಂದರು ಅಬ್ಬಾ. ರಾಟೆ ನಿಲ್ಲಿಸಲಿಲ್ಲ.

ಅವರು ತೋರುಬೆರಳನ್ನು ಓಡುವ ದಾರದ ಕೆಳಗೆ ಹಿಡಿದರು. ದಾರ ಅವರ ಬೆರಳಿನ ಮೇಲೆ ಹಾದು ಹೋಗುತ್ತಲೇ ಇತ್ತು.